ಊರಿನ ಆರೋಗ್ಯ ಯಾರ ಹೊಣೆ?

ಸಣ್ಣ ಪಟ್ಟಣವೊಂದು ತನ್ನದೇ ಆದ ಆರೋಗ್ಯ ವಿಭಾಗವನ್ನು ನಡೆಸಬೇಕೇ? ಅಥವಾ ಆ ಹೊಣೆಯನ್ನು ಜಿಲ್ಲೆಗೂ ರಾಜ್ಯಕ್ಕೂ ಒಪ್ಪಿಸಿ ಸುಮ್ಮನಿರಬೇಕೇ? ಗಡಿನಾಡಿನಲ್ಲಿ ಬಾಳುವ ನಮಗೆ ಇದು ಬರಿಯ ಆಡಳಿತದ ಪ್ರಶ್ನೆಯಲ್ಲ. ನಮ್ಮ ರಾಜಧಾನಿ ದೂರ, ಹತ್ತಿರದ ದೊಡ್ಡ ಆಸ್ಪತ್ರೆ ಹಲವು ವೇಳೆ ಪಕ್ಕದ ರಾಜ್ಯದಲ್ಲಿ. ಆದುದರಿಂದ ಚರಿತ್ರೆ ಏನು ಹೇಳುತ್ತದೆ ಎಂಬುದನ್ನು ನೀವೂ ನಾವೂ ಸ್ವಲ್ಪ ನೋಡೋಣ.

ಇಂಗ್ಲೆಂಡಿನ ಲಿವರ್‌ಪೂಲ್ ನಗರ 1846ರಲ್ಲಿ ಪಾರ್ಲಿಮೆಂಟಿನಿಂದ ತನಗಾಗಿಯೇ ಒಂದು ನೈರ್ಮಲ್ಯ ಕಾಯಿದೆಯನ್ನು ಪಡೆಯಿತು. ಮರುವರ್ಷ, 1847ರಲ್ಲಿ, ಡಾಕ್ಟರ್ ವಿಲಿಯಂ ಹೆನ್ರಿ ಡಂಕನ್ ಅವರನ್ನು ಆರೋಗ್ಯಾಧಿಕಾರಿಯಾಗಿ ನೇಮಿಸಿತು. ಬ್ರಿಟನ್ನಿನಲ್ಲಿ ಆ ಹುದ್ದೆಗೆ ಬಂದವರಲ್ಲಿ ಅವರೇ ಮೊದಲಿಗರು. ಅದೇ ವರ್ಷ ಐರ್ಲೆಂಡಿನ ಕ್ಷಾಮದಿಂದ ಓಡಿಬಂದ ಜನರೊಡನೆ ಟೈಫಸ್ ಜ್ವರ ಊರಿಗೆ ನುಗ್ಗಿತು. ನೆಲಮಾಳಿಗೆಗಳಲ್ಲಿ ಬಡವರು ಹೇಗೆ ಬದುಕುತ್ತಾರೆ, ಯಾವ ಓಣಿಯಲ್ಲಿ ಚರಂಡಿಯಿಲ್ಲ ಎಂಬುದು ಡಂಕನ್ ಅವರಿಗೆ ಮೊದಲೇ ತಿಳಿದಿತ್ತು, ಏಕೆಂದರೆ ಅವರು ಆ ಊರಿನವರೇ. ಊರಿಗೆ ತನ್ನದೇ ಅಧಿಕಾರಿ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಜರ್ಮನಿಯ ಹ್ಯಾಂಬರ್ಗ್, ಸಾಮ್ರಾಜ್ಯದೊಳಗಿದ್ದರೂ ತನ್ನದೇ ಸೆನೆಟ್ ಇದ್ದ ನಗರರಾಜ್ಯ. ನೀರು, ಆರೋಗ್ಯ, ತೆರಿಗೆ ಎಲ್ಲವೂ ಅದರ ಕೈಯಲ್ಲೇ ಇದ್ದವು. ಆದರೂ ಎಲ್ಬೆ ನದಿಯ ನೀರನ್ನು ಸೋಸದೆಯೇ ಮನೆಗಳಿಗೆ ಹರಿಸುತ್ತಿತ್ತು. ಸೋಸುವ ಕೆರೆಗಳ ಖರ್ಚನ್ನು ಯಾರು ಹೊರಬೇಕು ಎಂಬ ವಾದದಲ್ಲಿ ವರ್ಷಗಳು ಕಳೆದವು. ಅದಕ್ಕೆ ತಾಗಿಕೊಂಡಿದ್ದ ಆಲ್ಟೋನಾ ಚಿಕ್ಕ ಪಟ್ಟಣ, ಪ್ರಷ್ಯ ರಾಜ್ಯಕ್ಕೆ ಸೇರಿದ್ದು. ಅದು ನೀರೆತ್ತುತ್ತಿದ್ದುದು ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲೆ, ನದಿಯ ಕೆಳಪಾತ್ರದಲ್ಲಿ. ಆದರೆ ಮರಳಿನಲ್ಲಿ ಸೋಸಿ ಕೊಡುತ್ತಿತ್ತು.

1892ರ ಆಗಸ್ಟಿನಲ್ಲಿ ಕಾಲರಾ ಬಂತು. ವ್ಯಾಪಾರಕ್ಕೆ ಧಕ್ಕೆಯಾದೀತೆಂಬ ಅಂಜಿಕೆಯೂ ಇದ್ದ ಆಡಳಿತ, ರೋಗವನ್ನು ಒಪ್ಪಿಕೊಳ್ಳಲು ಅಮೂಲ್ಯವಾದ ದಿನಗಳನ್ನು ಕಳೆಯಿತು. ಬರ್ಲಿನ್ನಿನಿಂದ ರಾಬರ್ಟ್ ಕಾಕ್ ಅವರು ಬರಬೇಕಾಯಿತು. ಕೆಲವೇ ವಾರಗಳಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 8,600 ಮಂದಿ ತೀರಿಕೊಂಡರು. ಆಲ್ಟೋನಾದಲ್ಲಿ ಸತ್ತವರು ಬಹಳ ಕಡಿಮೆ. ಎರಡು ಊರುಗಳ ಗಡಿ ಬೀದಿಯ ನಡುವೆಯೇ ಹಾದುಹೋಗುತ್ತಿತ್ತು. ಹ್ಯಾಂಬರ್ಗಿನ ಮಗ್ಗುಲಲ್ಲಿದ್ದ ಒಂದು ವಠಾರಕ್ಕೆ ಮಾತ್ರ ಆಲ್ಟೋನಾದ ನೀರು ಬರುತ್ತಿತ್ತು; ಅಲ್ಲಿ ಕಾಲರಾ ಸುಳಿಯಲಿಲ್ಲ. ಹ್ಯಾಂಬರ್ಗಿನ ಸೋಸುವ ಕೆರೆಗಳು ಸಿದ್ಧವಾದದ್ದು 1893ರಲ್ಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಕಥೆ. ಸ್ವಂತ ಅಧಿಕಾರವಿದ್ದರೆ ಸಾಲದು, ಆ ಅಧಿಕಾರವನ್ನು ಕೆಲಸಕ್ಕೆ ಹಚ್ಚುವ ಮನಸ್ಸೂ, ಹಚ್ಚದಿದ್ದರೆ ಕೇಳುವ ಮೇಲಿನವರೂ ಬೇಕು ಎಂಬುದನ್ನು ಈ ಸಾವುಗಳು ಹೇಳುತ್ತವೆ.

ಹಾಗಾದರೆ ಎಲ್ಲವನ್ನೂ ಮೇಲಿನವರಿಗೇ ಬಿಡೋಣವೇ? 1897ರ ಪುಣೆಯನ್ನು ನೆನೆಯಿರಿ. ಪ್ಲೇಗ್ ತಡೆಯಲು ಬಂದ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು. ರೋಗ ಹಿಡಿದವರನ್ನು ಜನ ಬಚ್ಚಿಟ್ಟರು. ಪ್ಲೇಗ್ ಸಮಿತಿಯ ಅಧ್ಯಕ್ಷ ರ‍್ಯಾಂಡ್ ಅವರ ಮೇಲೆ ಜೂನ್ 22ರಂದು ಗುಂಡು ಹಾರಿತು. ಜನರ ಭಾಷೆ, ನಡೆನುಡಿ, ಮರ್ಯಾದೆ ತಿಳಿಯದವರ ಕೈಯಲ್ಲಿ ಆರೋಗ್ಯ ರಕ್ಷಣೆಯೇ ದಬ್ಬಾಳಿಕೆಯಾಗಿ ಕಂಡಿತು.

ಈ ಎರಡು ಅತಿಗಳ ನಡುವಿನ ಹಾದಿಯನ್ನು ಹುಡುಕಿದ್ದು 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆ. ಅದರ ಹೆಸರನ್ನು ನಾವು ಮರೆಯಬಾರದು, ಏಕೆಂದರೆ ಅಂದು ಕಾಸರಗೋಡು ದಕ್ಷಿಣ ಕನ್ನಡದಲ್ಲಿ, ವಯನಾಡು ಮಲಬಾರಿನಲ್ಲಿ, ಹೊಸೂರು ಸೇಲಂನಲ್ಲಿ, ತಾಳವಾಡಿ ಕೊಯಮತ್ತೂರಿನಲ್ಲಿ, ಆದವಾನಿ-ರಾಯದುರ್ಗಗಳು ಬಳ್ಳಾರಿಯಲ್ಲಿ, ಮಡಕಶಿರ ಅನಂತಪುರದಲ್ಲಿ ಇದ್ದವು. ಎಲ್ಲವೂ ಮದ್ರಾಸ್ ಪ್ರಾಂತದ ಒಳಗೇ. ಈ ಕಾಯಿದೆ ಊರಿನ ನೀರು, ಚರಂಡಿ, ಅಂಟುರೋಗಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ಹೊರಿಸಿತು. ಆರೋಗ್ಯಾಧಿಕಾರಿಯನ್ನು ಇಡುವಂತೆ ಮಾಡಿತು. ಸರಕಾರದ ಅನುದಾನ ಬಿಟ್ಟು ಉಳಿದ ಆದಾಯದಲ್ಲಿ ಪುರಸಭೆ ನೂರಕ್ಕೆ 30ಕ್ಕೆ ಕಡಿಮೆಯಾಗದಂತೆ ಆರೋಗ್ಯಕ್ಕೆ ಮೀಸಲಿಡಬೇಕೆಂದಿತು. ಊರು ಕೆಲಸ ಮಾಡದಿದ್ದರೆ ಮೇಲಿನ ಸರಕಾರ ಕೈಹಾಕುವ ಅಧಿಕಾರವನ್ನೂ ಉಳಿಸಿಕೊಂಡಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಕೇರಳದ ಉತ್ತರಭಾಗದಲ್ಲಿ ಇದೇ ಕಾಯಿದೆ ಮುಂದುವರಿಯಿತು. ಇಡೀ ಕೇರಳಕ್ಕೆ ಒಂದೇ ಸಾರ್ವಜನಿಕ ಆರೋಗ್ಯ ಕಾಯಿದೆ ಬಂದದ್ದು 2023ರಲ್ಲಿ. ನಡುವೆ 1992ರ 74ನೆಯ ಸಂವಿಧಾನ ತಿದ್ದುಪಡಿ ನಗರಸಭೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಸಾರ್ವಜನಿಕ ಆರೋಗ್ಯವನ್ನೂ ಸೇರಿಸಿತು. ವಿಷಯ ಕೊಟ್ಟಷ್ಟು ಸುಲಭವಾಗಿ ಹಣವನ್ನೂ ಸಿಬ್ಬಂದಿಯನ್ನೂ ಕೊಡಲಾಗಿಲ್ಲ ಎಂಬುದು ನಿಮಗೆ ತಿಳಿದ ಮಾತೇ.

ಸಣ್ಣ ಊರಿಗೆ ಏನು ಸಾಧ್ಯ, ಏನು ಅಸಾಧ್ಯ? ಕಾಸರಗೋಡಿನ ಪಡ್ರೆಯನ್ನೇ ನೋಡಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ತೋಡುಗಳ ಪಕ್ಕದ ಮನೆಗಳಲ್ಲಿ ವಿಚಿತ್ರ ಕಾಯಿಲೆಗಳು ಹೆಚ್ಚುತ್ತಿವೆ ಎಂದು ಮೊದಲು ಕಂಡವರು ಯಾವ ರಾಜಧಾನಿಯ ತಜ್ಞರೂ ಅಲ್ಲ. ಅಲ್ಲಿಯೇ ನೆಲೆಸಿದ್ದ ಹಳ್ಳಿಯ ವೈದ್ಯರು ಮತ್ತು ಕೃಷಿಕರು. ಆದರೆ ಆ ಸಂಶಯವನ್ನು ಪರೀಕ್ಷಿಸಲು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೇ ಬರಬೇಕಾಯಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಹಿಡಿದದ್ದು 2011ರಲ್ಲಿ. ಕಾಣುವ ಕಣ್ಣು ಊರಿನಲ್ಲಿದ್ದರೆ, ಅಳೆಯುವ ಪ್ರಯೋಗಾಲಯ ದೂರದಲ್ಲಿತ್ತು. ಒಂದಿಲ್ಲದೆ ಇನ್ನೊಂದು ನಿಷ್ಪ್ರಯೋಜಕ.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ ಇನ್ನೊಂದು ಪಾಠವಾಯಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರಿಗೆ ದಾರಿಯಿಲ್ಲದಾಯಿತು. ಸಕಾಲದಲ್ಲಿ ಚಿಕಿತ್ಸೆ ಸಿಗದೆ ಪ್ರಾಣಗಳು ಹೋದವು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ರೋಗಿಗಳ ವಾಹನಗಳಿಗೆ ದಾರಿ ಬಿಡುವ ಏರ್ಪಾಡಾದದ್ದು ಏಪ್ರಿಲಿನಲ್ಲಿ. 2013ರಲ್ಲೇ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದೂ ಅದೇ ತಿಂಗಳು.

ಇವನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದರೆ ಉತ್ತರ ಅಷ್ಟೇನೂ ಕಠಿಣವಲ್ಲ. ಕುಡಿಯುವ ನೀರು, ಚರಂಡಿ, ಕಸ, ಸೊಳ್ಳೆ, ಚುಚ್ಚುಮದ್ದು, ಜನನ ಮರಣಗಳ ದಾಖಲೆ, ಇವು ಊರಿನ ಕೈಯಲ್ಲಿರಲಿ. ಅದಕ್ಕೆ ಮೀಸಲು ಹಣವಿರಲಿ. ಊರಿನ ಆರೋಗ್ಯಾಧಿಕಾರಿಗೆ ಜನರ ಭಾಷೆ ಬರಲಿ. ಕನ್ನಡ ಓದುವ ಅಜ್ಜಿಗೆ ಕನ್ನಡದಲ್ಲೇ ತಿಳಿವಳಿಕೆ ಪತ್ರ ಸಿಗದಿದ್ದರೆ ಆ ಪತ್ರ ಅಚ್ಚು ಹಾಕಿಸಿದ್ದು ವ್ಯರ್ಥ. ಪ್ರಯೋಗಾಲಯ, ದೊಡ್ಡ ಆಸ್ಪತ್ರೆ, ತಪ್ಪಿದವರನ್ನು ಕೇಳುವ ಕಾನೂನು, ಇವು ರಾಜ್ಯದ ಪಾಲಿಗಿರಲಿ. ಗಡಿನಾಡಿಗೆ ಮೂರನೆಯ ಕಂಬವೊಂದು ಬೇಕು: ಆಪತ್ತು ಬರುವ ಮೊದಲೇ ಬರೆದಿಟ್ಟ, ನೆರೆರಾಜ್ಯದೊಡನೆ ಮಾಡಿಕೊಂಡ ಒಪ್ಪಂದ. ಇದಿಲ್ಲದೆ ಮೊದಲೆರಡು ಕಂಬಗಳು ಭಾರ ಹೊರಲಾರವು.

ನಿಮ್ಮ ಪುರಸಭೆಯ ಈ ವರ್ಷದ ಬಜೆಟ್ಟನ್ನು ಒಮ್ಮೆ ತರಿಸಿ ಓದಿರಿ. ನೀರಿಗೂ ನೈರ್ಮಲ್ಯಕ್ಕೂ ಎಷ್ಟು, ಉಳಿದುದಕ್ಕೆ ಎಷ್ಟು ಎಂದು ಲೆಕ್ಕ ಹಾಕಿರಿ. ಮುಂದಿನ ಬಾರಿ ಮತ ಕೇಳಲು ಬಂದವರ ಮುಂದೆ ಆ ಲೆಕ್ಕವನ್ನು ಇಡಿರಿ.