ಸಾತಳ್ಳಿಯ ಆದಿಗುರು ಅಬ್ಬೆ ಡುಬಾಯ್

ಮೈಸೂರು ಸೀಮೆಯ ಕ್ರೈಸ್ತರಾದ ನಾವು ನಮ್ಮ ವಂಶಾವಳಿಯನ್ನು ಹಿಂದಕ್ಕೆ ಎಣಿಸುತ್ತ ಹೋದರೆ, ರಕ್ತಸಂಬಂಧವಿಲ್ಲದಿದ್ದರೂ ಪಿತೃಸ್ಥಾನದಲ್ಲಿ ನಿಲ್ಲುವ ಗುರುಗಳೊಬ್ಬರು ಎದುರಾಗುತ್ತಾರೆ. ಅವರೇ ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ರೈತರಿಗೆ ನೆಲೆ ಕಲ್ಪಿಸಿದ ಅಬ್ಬೆ ಡುಬಾಯ್. 'ಅಬ್ಬೆ' ಎಂಬುದು ಫ್ರೆಂಚರು ಗುರುಗಳಿಗೆ ಸಲ್ಲಿಸುವ ಗೌರವನಾಮ. ನಮ್ಮ ಕನ್ನಡದಲ್ಲಾದರೋ ಅದು ತಾಯಿಯ ಹೆಸರು. ಅವರ ಬಾಳಿಗೆ ಎರಡು ಅರ್ಥಗಳೂ ಒಪ್ಪುತ್ತವೆ.

ಡುಬಾಯ್ ಅವರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂಟ್ ರೆಮೇಜ್ ಗ್ರಾಮದವರು. ಮಹಾಕ್ರಾಂತಿಯ ಬಿರುಗಾಳಿಯಲ್ಲಿ ಫ್ರಾನ್ಸಿನ ಧರ್ಮಸಭೆ ನಲುಗುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಘದ ಮೂಲಕ ಭಾರತಕ್ಕೆ ಹೊರಟರು. ಅವರ ಆಧ್ಯಾತ್ಮಿಕ ವಂಶವೂ ಸಣ್ಣದಲ್ಲ. 17ನೇ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಚಿನ್ನಾಮಿ ಗುರುಗಳು ಹಚ್ಚಿದ ದೀಪ, 1773ರಲ್ಲಿ ಆ ಸಭೆಯೇ ರದ್ದಾದಾಗ ಮಂಕಾಗಿತ್ತು. ಅದನ್ನು ಉಳಿಸುವ ಭಾರ ಪ್ಯಾರಿಸ್ಸಿನ ಸಂಘದ ಮೇಲೆ ಬಿದ್ದಿತ್ತು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಡುಬಾಯ್ ಅವರು ಮೈಸೂರಿಗೆ ಬಂದರು. ಟಿಪ್ಪುವಿನ ಆಳ್ವಿಕೆಯಲ್ಲಿ ಬಲವಂತದ ಮತಾಂತರಕ್ಕೆ ಒಳಗಾದವರು, ಚದುರಿಹೋದವರು, ಆಸರೆಯಿಲ್ಲದವರು - ಇವರೇ ಅವರಿಗೆ ದೊರೆತ ಮಂದೆ. ಅವರನ್ನು ಮರಳಿ ಸಂಸ್ಕಾರಗಳೆಡೆಗೆ ಕರೆತಂದುದರೊಂದಿಗೆ ಗುರುಗಳು ತೃಪ್ತರಾಗಲಿಲ್ಲ. ಉಳಲು ನೆಲವಿಲ್ಲದವನ ವಿಶ್ವಾಸ ಬೇರೂರುವುದು ಹೇಗೆ? ಆದುದರಿಂದ ಸಾತಳ್ಳಿಯಲ್ಲಿ ಕೃಷಿಕರ ವಸಾಹತು ತಲೆಯೆತ್ತಿತು. ತಾವೂ ದೇಶೀಯ ಉಡುಪು ತೊಟ್ಟು, ದೇಶೀಯರಂತೆಯೇ ಉಂಡು ಬಾಳಿದರು. ಸಿಡುಬಿನ ಹಾವಳಿಯನ್ನು ತಡೆಯಲು 1803-04ರಲ್ಲಿ ಅವರ ಮುಂದಾಳುತನದಲ್ಲಿ 25,432 ಮಂದಿಗೆ ದೇವಿ ಹಾಕಲಾಯಿತು. ಜೆನ್ನರನ ಲಸಿಕೆ ಭಾರತವನ್ನು ಮುಟ್ಟಿದ್ದು 1802ರಲ್ಲಿ ಎಂಬುದನ್ನು ನೆನೆದರೆ ಈ ಸಾಹಸದ ಹಿರಿಮೆ ತಿಳಿಯುತ್ತದೆ.

ಹಿಂದೂ ಜನಜೀವನವನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಆ ಗ್ರಂಥವು ಯೇಸುಸಭೆಯ ಕೂರ್ದೂ ಗುರುಗಳ ಹಿಂದಿನ ಬರಹಕ್ಕೆ ಬಹಳಷ್ಟು ಋಣಿಯೆಂದು ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಗ್ರಂಥಗಳಿಗೂ ಪೂರ್ವಜರುಂಟು; ಈ ಸತ್ಯವನ್ನು ಮರೆಮಾಚುವುದು ನಮಗೆ ತಕ್ಕುದಲ್ಲ.

ಇನ್ನೊಂದು ಸತ್ಯವನ್ನೂ ಹೇಳಲೇಬೇಕು. 1823ರ ಜನವರಿ 15ರಂದು ಭಾರತವನ್ನು ಬಿಟ್ಟು ತೆರಳಿದಾಗ ಅವರ ಮನಸ್ಸು ಭಾರವಾಗಿತ್ತು. ಇಷ್ಟು ವರ್ಷಗಳ ದುಡಿಮೆಯಿಂದ ಹೊಸದಾಗಿ ವಿಶ್ವಾಸಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಈ ನಾಡಿನಲ್ಲಿ ಧರ್ಮಪ್ರಚಾರಕ್ಕೆ ಭವಿಷ್ಯವಿಲ್ಲ ಎಂದು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ನೊಂದು ಬರೆದರು. ಆಮೇಲೆ ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಗುರುಮಠದಲ್ಲಿ ಸೇವೆ ಸಲ್ಲಿಸಿ, 1848ರ ಫೆಬ್ರವರಿ 17ರಂದು ದೈವಾಧೀನರಾದರು. ಸಾತಳ್ಳಿಯನ್ನು ಮತ್ತೆ ನೋಡಲಿಲ್ಲ.

ಆದರೆ ಅವರು ನಿರಾಶರಾಗಿ ಬಿಟ್ಟುಹೋದ ಹೊಲ ಬಂಜರಾಗಲಿಲ್ಲ. ಸಾತಳ್ಳಿಯ ಸುತ್ತಣ ಕ್ರೈಸ್ತ ಕುಟುಂಬಗಳು ತಲೆಮಾರಿನಿಂದ ತಲೆಮಾರಿಗೆ ಉತ್ತು ಬಿತ್ತಿ, ಬಲಿಪೂಜೆಗೆ ನೆರೆದು, ಅವರ ನಿರಾಶೆಗೆ ಮೌನವಾಗಿ ಉತ್ತರ ಕೊಟ್ಟಿವೆ. ಗುರುಗಳು ಹೊಸಬರ ತಲೆ ಎಣಿಸಿ ಸೋತೆನೆಂದರು. ದೇವರು ಅವರು ಉಳಿಸಿಕೊಂಡ ಮನೆಗಳನ್ನು ಎಣಿಸಿದರು.

ನೂರು ವರ್ಷಗಳ ಫಲವನ್ನು ಕಣ್ಣಾರೆ ಕಾಣುವ ಭಾಗ್ಯ ಇಂದು ನಮ್ಮದು. ಫಲ ಕಾಣದೆಯೂ ದುಡಿದವರಿಗೆ ನಮ್ಮ ಪ್ರಾರ್ಥನೆ ಸಲ್ಲಲಿ. ಮುಂದಿನ ನೂರು ವರ್ಷಗಳಿಗಾಗಿ ಬಿತ್ತುವ ಬಲವನ್ನು ಪ್ರಭು ಯೇಸುಕ್ರಿಸ್ತರು ನಮಗೆ ಕರುಣಿಸಲಿ.