500 ಅಂದ್ರೆ ತಪ್ಪು ಯಾರದ್ದು?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ ಕೂತು ಒಂದು ಸಂಘದ ವೆಬ್‌ಮೇಲ್ ನೋಡಿಕೊಳ್ಳೋರಿಗೂ, ಬೆಂಗಳೂರಿನ ಕಂಪನಿಯವರಿಗೂ ಕಾಣೋ ಸಂದೇಶ ಒಂದೇ: ‘500 ಇಂಟರ್ನಲ್ ಸರ್ವರ್ ಎರರ್’. ಅಡ್ಮಿನ್ ಲಾಗಿನ್ ಒತ್ತಿದಾಗ ಇದು ಬಂದ್ರೆ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಟೈಪ್ ಮಾಡ್ತೀವಿ, ಅಲ್ವಾ? ಸ್ವಲ್ಪ ನಿಲ್ಲಿ. ಈ ನಂಬರಿಗೊಂದು ಇತಿಹಾಸ ಇದೆ.

1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಇಮೇಲ್ ನಿಯಮ ಎಸ್‌ಎಂಟಿಪಿಯಲ್ಲೇ ಮೂರಂಕಿಯ ಉತ್ತರಗಳಿದ್ದವು. ಅಲ್ಲಿ 4ರಿಂದ ಶುರುವಾದ್ರೆ ‘ಸದ್ಯಕ್ಕಿಲ್ಲ, ಆಮೇಲೆ ನೋಡು’. 5ರಿಂದ ಶುರುವಾದ್ರೆ ‘ಆಗಲ್ಲ, ಹೀಗೇ ಮತ್ತೆ ಕಳಿಸಬೇಡ’. ವೆಬ್ ಮೂರಂಕಿ ಉಳಿಸಿಕೊಂಡು ಅರ್ಥ ಬದಲಿಸಿತು. 1996ರ ಮೇ ತಿಂಗಳ ಎಚ್‌ಟಿಟಿಪಿ 1.0 ಪ್ರಕಾರ 4 ಕೇಳಿದವರ ತಪ್ಪು, 5 ಸರ್ವರ್ ತಪ್ಪು. ಅದೇ ಜುಲೈನಲ್ಲಿ, ಬೆಂಗಳೂರಲ್ಲಿ ಬೆಳೆದ ಸಬೀರ್ ಭಾಟಿಯಾ ಅಮೆರಿಕದಲ್ಲಿ ಜ್ಯಾಕ್ ಸ್ಮಿತ್ ಜೊತೆ ಹಾಟ್‌ಮೇಲ್ ಶುರುಮಾಡಿದರು. ಮೇಲ್ ಬ್ರೌಸರಿಗೆ ಬಂತು. ಎರಡೂ ಲೆಕ್ಕಗಳು ಒಂದೇ ಮನೆ ಸೇರಿದವು.

ಲಾಗಿನ್ ಪುಟದ 500 ವೆಬ್‌ನ ಲೆಕ್ಕ. ನಿಮ್ಮ ಪಾಸ್‌ವರ್ಡ್ ಬಗ್ಗೆ ಅದು ಏನೂ ಹೇಳ್ತಿಲ್ಲ. ಡೇಟಾಬೇಸ್ ಸಂಪರ್ಕ ತಪ್ಪಿರಬಹುದು, ಡಿಸ್ಕ್ ತುಂಬಿರಬಹುದು, ಫೈಲ್ ಪರ್ಮಿಷನ್ ಕೆಟ್ಟಿರಬಹುದು, ಪಿಎಚ್‌ಪಿ ಆವೃತ್ತಿ ಬದಲಾಗಿರಬಹುದು. ಅಪರಿಚಿತರಿಗೆ ಗುಟ್ಟು ಸಿಗಬಾರದು ಅಂತ ಪರದೆ ಇದನ್ನ ಮುಚ್ಚಿಡುತ್ತೆ. ಎರರ್ ಲಾಗ್ ಬರೆದಿಡುತ್ತೆ. ಲಾಗಿನ್ ಒತ್ತಿದ ಸಮಯ ಗುರುತು ಹಾಕಿಕೊಂಡು, ಲಾಗ್‌ನಲ್ಲಿ ಆ ನಿಮಿಷದ ಸಾಲು ಓದಿ. ಸರ್ವರ್ ನಿಮ್ಮ ಕೈಲಿಲ್ವಾ? ಆ ಸಮಯವನ್ನೇ ಹೋಸ್ಟಿಂಗ್‌ನವರಿಗೆ ಹೇಳಿ. ಹುಡುಕೋ ಕೆಲಸ ಅರ್ಧ ಮುಗೀತು.