ಕರನಿರಾಕರಣೆಯೂ ಮತಾಧಿಕಾರವೂ

ಕಂದಾಯದ ವಿಷಯದಲ್ಲಿ ಪ್ರಜೆಗಳ ನೇರ ಮತವನ್ನು ಕೇಳುವ ಪದ್ಧತಿಯು ಆಂಗ್ಲರ ಆಳಿಕೆಯಲ್ಲಿ ಇರಲಿಲ್ಲ. ಕೇಳದ ಆ ಮತವನ್ನು ಉತ್ತರ ಕನ್ನಡದ ಸಿದ್ದಾಪುರ, ಅಂಕೋಲೆಗಳ ರೈತರು 1932ರ ಕಾನೂನುಭಂಗದ ಕಾಲದಲ್ಲಿ ಕರನಿರಾಕರಣೆಯಿಂದಲೇ ಕೊಟ್ಟರು. ಅದಕ್ಕೆ ಬೆಲೆಯಾಗಿ ಜಮೀನುಗಳನ್ನು ಕಳೆದುಕೊಂಡರು. 1935ರ ಕಾಯಿದೆಯಾದರೋ ಮತಾಧಿಕಾರವನ್ನು ಬಹುಮಟ್ಟಿಗೆ ಆಸ್ತಿ, ಕರ, ವಿದ್ಯೆಗಳಿಗೆ ಕಟ್ಟಿತ್ತು. ಭೂಮಿಯನ್ನು ನೀಗಿದವನ ಕೈಯಿಂದ ಮತದ ಅರ್ಹತೆಯೂ ಜಾರುವಂತಿತ್ತು. ಹೀಗಿದ್ದರೂ 1937ರ ಚುನಾವಣೆಯಿಂದ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದ ಖೇರರ ಮಂತ್ರಿಮಂಡಲವು, ಜಪ್ತಾದ ಜಮೀನುಗಳನ್ನು ಮರಳಿಸಲು 1938ರಲ್ಲಿ ಕಾಯಿದೆಯನ್ನು ತಂದಿತು. ನಿರಾಕರಣೆಯು ಕಳೆದುದನ್ನು ಮತವು ತಂದಿತೆನ್ನಬಹುದು. 1951-52ರ ವಯಸ್ಕ ಮತದಾನದಿಂದ ಕರ-ಮತಗಳ ಗಂಟು ಬಿಚ್ಚಿತು. ಇಂದು ಕಾಳಿಯ ತೀರದ ಮೌಳಂಗಿಯಲ್ಲಿ ಭೂಮಿಯಿಲ್ಲದವನಿಗೂ ಮತವುಂಟು. ಆದರೆ ಕರದ ಮೇಲಾಗಲಿ ಕಾಳಿಯ ವಿದ್ಯುತ್ತಿನ ಮೇಲಾಗಲಿ ಅವನ ಅಭಿಪ್ರಾಯವು ಪ್ರತಿನಿಧಿಯ ಮೂಲಕವೇ ಶಾಸನಸಭೆಯನ್ನು ಮುಟ್ಟಬೇಕು.